‘ಇನ್ಸುಲಿನ್ ಬಿಟ್ಟುಬಿಡಿ’ ಅನ್ನೋ ವಿಡಿಯೊ ನಿಮ್ಮ ಮನೆಗೂ ಬರಬಹುದು



ನಮ್ಮ ಗಡಿ ತಾಲೂಕುಗಳಲ್ಲಿ ಮನೆಯವರಿಗೆ ಕಾಯಿಲೆ ಬಂದರೆ ಆಸ್ಪತ್ರೆಯ ಚೀಟಿ ಕೊನೆಗೆ ಬರೋದು ನಿಮ್ಮ ಕೈಗೆ. ಡಾಕ್ಟರು ವಿವರಿಸಿದ್ದು ಬಹಳ ಸಲ ಕಾಸರಗೋಡಿನಲ್ಲಾದರೆ ಮಲಯಾಳದಲ್ಲಿ, ತಾಳವಾಡಿಯಲ್ಲಾದರೆ ತಮಿಳಿನಲ್ಲಿ, ಜತ್ತದಲ್ಲಾದರೆ ಮರಾಠಿಯಲ್ಲಿ. ಬರೆದುಕೊಟ್ಟಿದ್ದು ಇಂಗ್ಲಿಷಿನಲ್ಲಿ. ಮನೆಯ ಹಿರಿಯರಿಗೆ ಸರಿಯಾಗಿ ತಿಳಿಯೋದು ಕನ್ನಡ ಮಾತ್ರ. “ಮೊಬೈಲಲ್ಲಿ ನೋಡಿ ಇದೇನಂತ ಹೇಳು” ಅಂತ ನಿಮ್ಮನ್ನೇ ಕೇಳ್ತಾರೆ. ನೀವು ಏನು ಹುಡುಕ್ತೀರಿ, ಯಾರನ್ನು ನಂಬ್ತೀರಿ ಅನ್ನೋದರ ಮೇಲೆ ಒಂದು ಜೀವ ನಿಂತಿರಬಹುದು. ಇದು ಬಣ್ಣ ಹಚ್ಚಿ ಹೇಳೋ ಮಾತಲ್ಲ. ಒಂದು ಕಾಯಿಲೆಯನ್ನೇ ತೆಗೆದುಕೊಂಡು ನೋಡೋಣ.

ಹತ್ತು ವರ್ಷದ ಒಂದು ಮಗು. ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ದಿನದಿಂದ ದಿನಕ್ಕೆ ಸೊರಗ್ತಾ ಇದೆ. ಆಸ್ಪತ್ರೆಯಲ್ಲಿ ಟೈಪ್ 1 ಡಯಾಬಿಟಿಸ್ ಅಂದರು. ಈ ಮಕ್ಕಳ ದೇಹದಲ್ಲಿ ಇನ್ಸುಲಿನ್ ತಯಾರಿಸೋ ಕಣಗಳೇ ನಾಶವಾಗಿರ್ತವೆ. ಸಿಹಿ ತಿಂದಿದ್ದಕ್ಕೆ ಬಂದದ್ದಲ್ಲ, ಹೆತ್ತವರ ತಪ್ಪೂ ಅಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು, ದಿನವೂ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚೋವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಈಗ ನೀವು ಮೊಬೈಲ್ ತೆಗೆದು ಕನ್ನಡದಲ್ಲಿ “ಶುಗರ್ ಪರಿಹಾರ” ಅಂತ ಹುಡುಕ್ತೀರಿ. ಬರೋದೆಲ್ಲ ಹೆಚ್ಚಾಗಿ ದೊಡ್ಡವರಿಗೆ ಬರೋ ಟೈಪ್ 2 ಬಗ್ಗೆ. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು, ‘ಸಕ್ಕರೆ ಕಾಯಿಲೆ’. ಅಷ್ಟರಲ್ಲಿ ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೊ: ಇಷ್ಟು ದಿನ ಈ ಕಷಾಯ ಕುಡಿಸಿ, ಸೂಜಿ ಬಿಸಾಕಿ. ಕಾಕಾ ಕಳಿಸಿದ್ದು, ಪ್ರೀತಿಯಿಂದಲೇ ಕಳಿಸಿದ್ದು. ಆದರೆ ಟೈಪ್ 1 ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ರಕ್ತ ಆಮ್ಲೀಯವಾಗ್ತದೆ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಮಂಪರು ಬರ್ತದೆ. ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ ಪ್ರಾಣಕ್ಕೆ ಕುತ್ತು. ಈ ಲಕ್ಷಣ ಕಂಡರೆ ಹುಡುಕ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಓಡಿ.

ಹಾಗಾದರೆ ಯಾವುದನ್ನು ನಂಬೋದು? ನಾವು ನೋಡೋದು ಇವಿಷ್ಟು.

ಒಂದು, ಬರೆದವರು ಯಾರು? ಹೆಸರು, ಓದು, ಸಂಸ್ಥೆ, ಕೊನೆಯ ಸಲ ತಿದ್ದಿದ ದಿನಾಂಕ ಪುಟದಲ್ಲಿ ಇರಬೇಕು. ಆನ್‌ಲೈನಿನಲ್ಲಿ ಸಲಹೆ ಕೊಡೋ ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲೂ ವೆಬ್‌ಸೈಟಿನಲ್ಲೂ ತೋರಿಸಬೇಕು ಅಂತ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳ್ತದೆ. ಸಂಖ್ಯೆ ಕೇಳೋದು ಅವಮರ್ಯಾದೆ ಅಲ್ಲ, ನಿಮ್ಮ ಹಕ್ಕು.

ಎರಡು, ದುಡ್ಡು ಯಾರದು? ಮಾಹಿತಿಯ ಕೆಳಗೇ “ಈಗಲೇ ಆರ್ಡರ್ ಮಾಡಿ” ಅಂತಿದ್ದರೆ ಅದು ಅಂಗಡಿ. ಡಯಾಬಿಟಿಸ್ ವಾಸಿ ಮಾಡ್ತೀವಿ ಅಂತ ಔಷಧದ ಜಾಹೀರಾತು ಕೊಡೋದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಕಾನೂನನ್ನೇ ಮುರಿದು ಮಾತಾಡೋನ ಮದ್ದನ್ನು ನಂಬೋದು ಹ್ಯಾಗೆ?

ಮೂರು, ಮುದ್ರೆ ನೋಡಿ ಮೋಸ ಹೋಗಬೇಡಿ. ಆರೋಗ್ಯ ವೆಬ್‌ಸೈಟುಗಳಿಗೆ ‘ಹಾನ್‌ಕೋಡ್’ ಅನ್ನೋ ಪ್ರಮಾಣಪತ್ರ ಕೊಡ್ತಿದ್ದ ಜಿನೀವಾದ ಸಂಸ್ಥೆ 2022ರ ಕೊನೆಗೆ ಬಾಗಿಲು ಹಾಕಿತು. ಆ ಮುದ್ರೆ ಇವತ್ತಿಗೂ ಮಿಂಚ್ತಾ ಇದ್ದರೆ ಅದು ಹಳೇ ಕ್ಯಾಲೆಂಡರ್ ಇದ್ದಂಗೆ.

ನಾಲ್ಕು, ಒಳ್ಳೆಯ ಪುಟವೂ ನಮ್ಮ ಊರಿನ ಲೆಕ್ಕದಲ್ಲಿ ಇರಲಿಕ್ಕಿಲ್ಲ. ಬ್ರಿಟನ್ನಿನ ಎನ್‌ಎಚ್‌ಎಸ್ ಪುಟಗಳು ನಂಬಿಕೆಗೆ ಅರ್ಹ. ಆದರೆ ಅವರ ಶುಗರ್ ಅಳತೆ ಬೇರೆ. ಅಲ್ಲಿಯ 7 ಅಂದರೆ ನಮ್ಮ ಮೀಟರಿನಲ್ಲಿ 126, 18ರಿಂದ ಗುಣಿಸಬೇಕು. ಸಿರಿಂಜಿನ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದ್ದು 100. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಮಗುವಿಗೆ ಎರಡೂವರೆ ಪಟ್ಟು ಡೋಸ್ ಹೋಗ್ತದೆ. ಹೊರದೇಶದ ಹೆಚ್ಚಿನ ಪುಟಗಳು 100ರದ್ದನ್ನೇ ಹೇಳ್ತವೆ. ನಮ್ಮ ದೇಶದ ಲೆಕ್ಕಕ್ಕೆ ಐಸಿಎಂಆರ್ 2022ರಲ್ಲಿ ಟೈಪ್ 1 ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದು ಇಂಗ್ಲಿಷಿನಲ್ಲಿದೆ, ಓದಿ ಹೇಳೋರು ನೀವೇ ಆಗಬೇಕು.

ಇಷ್ಟು ತಿಳಿದರೂ ಮನೆಯವರ ಭಯ ಹೋಗೋದಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಸೂಜಿ ಯಾರು ಚುಚ್ಚೋದು? ಜಾತ್ರೆಗೆ ಹೋದಾಗ ಏನು ತಿನ್ನಿಸೋದು? ರಾಯದುರ್ಗದ ಬಿಸಿಲಲ್ಲಿ, ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಎಲ್ಲಿಡೋದು? “ನಾಳೆ ಹೆಣ್ಣು ಕೊಡೋರು ಯಾರು, ತಗೊಳ್ಳೋರು ಯಾರು” ಅನ್ನೋ ನೆಂಟರಿಗೆ ಏನು ಹೇಳೋದು? ಐದು ನಿಮಿಷದ ಓಪಿಡಿಯಲ್ಲಿ ಇದನ್ನೆಲ್ಲ ಕೇಳೋಕೆ ಆಗಲ್ಲ. ಇಂಥ ಕಡೆ ಆಸರೆಯಾಗೋದು ಅದೇ ಕಾಯಿಲೆಯ ಜೊತೆ ಬದುಕ್ತಿರೋರ ಬಳಗ. ಒದ್ದೆ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ತಂಪಾಗಿಡೋದು, ಶುಗರ್ ತಟ್ಟನೆ ಇಳಿದಾಗ ಕೊಡೋಕೆ ಶಾಲೆಯ ಚೀಲದಲ್ಲಿ ಗ್ಲೂಕೋಸ್ ಪುಡಿ ಇಟ್ಟಿರೋದು, ಇಂಥವನ್ನು ದಿನವೂ ಮಾಡೋ ತಾಯಿಯ ಬಾಯಿಂದ ಕೇಳಿದರೆ ಧೈರ್ಯ ಬರ್ತದೆ. ಡಯಾಬಿಟಿಸ್ ಇರೋರೇ ನಡೆಸೋ ಪುಣೆಯ ಬ್ಲೂ ಸರ್ಕಲ್ ಡಯಾಬಿಟಿಸ್ ಫೌಂಡೇಶನ್ ಇಂಥ ಬಳಗಗಳಲ್ಲಿ ಒಂದು.

ಬಳಗ ಒಳ್ಳೆಯದೋ ಅಲ್ಲವೋ ತಿಳಿಯೋಕೆ ಸೇರಿದ ಕೂಡಲೇ ಮಾತಾಡಬೇಡಿ, ಒಂದು ವಾರ ಸುಮ್ಮನೆ ಓದಿ. ಒಳ್ಳೆಯ ಬಳಗದಲ್ಲಿ “ನಮಗೆ ಹೀಗಾಯ್ತು” ಅಂತಾರೆ, “ನೀನು ಡೋಸ್ ಇಷ್ಟು ಮಾಡು” ಅನ್ನಲ್ಲ. ತುರ್ತು ಅಂದರೆ ಹತ್ತು ಜನ “ಮೊದಲು ಆಸ್ಪತ್ರೆಗೆ ಹೋಗಿ” ಅಂತಾರೆ. ನಡೆಸೋರ ಹೆಸರು, ನಿಯಮ ಎಲ್ಲರಿಗೂ ಕಾಣ್ತದೆ. ತಪ್ಪು ಹೇಳಿದವನನ್ನು ತಿದ್ದೋರು ಇರ್ತಾರೆ. ಸೇರಿದ ಮರುದಿನವೇ ಯಾರೋ ಒಬ್ಬರು ಇನ್‌ಬಾಕ್ಸಿಗೆ ಬಂದು ಪುಡಿ ಮಾರೋಕೆ ನೋಡಿದರೆ, ನಡೆಸೋರು ಕೇಳಿಯೂ ಸುಮ್ಮನಿದ್ದರೆ, ಹೊರಬನ್ನಿ. ಮಗುವಿನ ಹೆಸರು, ಫೋಟೊ, ಫೋನ್ ನಂಬರು ಇರೋ ವರದಿಯನ್ನಂತೂ ಎಲ್ಲಿಯೂ ಹಾಕಬೇಡಿ.

ಕೊನೆಗೆ ನಮ್ಮದೇ ಮಾತು. ಕೇರಳ ಸರ್ಕಾರದ ಸೋಶಿಯಲ್ ಸೆಕ್ಯುರಿಟಿ ಮಿಷನ್ ಟೈಪ್ 1 ಮಕ್ಕಳಿಗಾಗಿ ‘ಮಿಠಾಯಿ’ ಅನ್ನೋ ಯೋಜನೆ ನಡೆಸ್ತಿದೆ. ಅರ್ಹ ಮಕ್ಕಳಿಗೆ ಇನ್ಸುಲಿನ್ ಮತ್ತು ಉಪಕರಣ ಉಚಿತ. ಮಂಜೇಶ್ವರದ ಕನ್ನಡ ಮನೆಯ ಮಗುವೂ ಆ ಸರ್ಕಾರದ ಮಗುವೇ. ಆದರೆ ಮಲಯಾಳದ ಅರ್ಜಿ ಓದಲಾರದ ತಾಯಿಗೆ ಅದು ಇದ್ದೂ ಇಲ್ಲದಂತೆ. ಕನ್ನಡದಲ್ಲಿ ಮಾಹಿತಿ ಕೊಡಿ ಅಂತ ಕೇಳೋದನ್ನು ನಾವು ಬಿಡೋದಿಲ್ಲ. ಆದರೆ ಸರ್ಕಾರ ಕೊಡೋವರೆಗೆ ಮಗುವಿನ ಶುಗರ್ ಕಾಯೋದಿಲ್ಲ.

ಗಡಿಯಲ್ಲಿ ಬೆಳೆದ ನಿಮಗೆ ಮೂರು ಭಾಷೆ ಬರ್ತದೆ. ಅದನ್ನು ಕೊರತೆ ಅಂದುಕೊಂಡಿದ್ದು ಸಾಕು. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇರೋ ಒಂದು ಕಾಯಿಲೆಯ ಬಗ್ಗೆ ನಂಬಬಹುದಾದ ಒಂದೇ ಒಂದು ಪುಟ ಹುಡುಕಿ, ಸರಳ ಕನ್ನಡದಲ್ಲಿ ಬರೆಯಿರಿ, ಗೊತ್ತಿರೋ ಡಾಕ್ಟರಿಗೆ ತೋರಿಸಿ ತಿದ್ದಿಸಿ, ಆಮೇಲೆ ಕಾಕಾನ ಆ ವಾಟ್ಸಾಪ್ ಗುಂಪಿಗೇ ಹಾಕಿ. ಸುಳ್ಳು ಬಂದ ದಾರಿಯಲ್ಲೇ ನಿಜವೂ ಹೋಗಲಿ.