ಆಜ್ಞೆ ಮತ್ತು ಅಂತಃಸಾಕ್ಷಿ

2025ರ ನವೆಂಬರ್ 25ರಂದು ಸರ್ವೋಚ್ಚ ನ್ಯಾಯಾಲಯವು ಕ್ರೈಸ್ತ ಸೇನಾಧಿಕಾರಿಯೊಬ್ಬರ ಮೇಲ್ಮನವಿಯನ್ನು ತಳ್ಳಿಹಾಕಿತು. ಸಿಖ್ ಸೈನಿಕರ ತುಕಡಿಯ ನಾಯಕರಾಗಿದ್ದ ಅವರು ರೆಜಿಮೆಂಟಿನ ಧಾರ್ಮಿಕ ಪರೇಡಿಗೆ ತಮ್ಮವರೊಡನೆ ಹೋಗುತ್ತಿದ್ದರು. ಪೂಜಾಸಮಯದಲ್ಲಿ ಗರ್ಭಗೃಹವನ್ನು ಮಾತ್ರ ಪ್ರವೇಶಿಸಲೊಲ್ಲೆನೆಂದರು. 2021ರಲ್ಲಿ ವಜಾಗೊಂಡರು. ಮೇಲಧಿಕಾರಿಯ ಕಾನೂನುಬದ್ಧ ಆಜ್ಞೆಗಿಂತ ತಮ್ಮ ಧರ್ಮವನ್ನು ಮೇಲಿಟ್ಟರೆಂಬುದು ದೆಹಲಿ ಉಚ್ಚ ನ್ಯಾಯಾಲಯದ ತೀರ್ಮಾನವಾಗಿತ್ತು.

ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ಅರ್ಚಿಸೆನೆಂಬ ನಿಷ್ಠೆಯುಳ್ಳ ಸದ್ಭಕ್ತರಿಗೆ ಈ ಪ್ರಕರಣ ದೂರದ್ದಲ್ಲ. ನಮ್ಮ ಮನೆಗಳ ಮಕ್ಕಳೂ ಸೇನೆಯಲ್ಲಿದ್ದಾರೆ.

‘ಕಾನೂನುಬದ್ಧ’ ಎಂಬ ವಿಶೇಷಣವೇ ಇಲ್ಲಿ ವಿಚಾರಾರ್ಹ. 1950ರ ಸೇನಾ ಅಧಿನಿಯಮದ 41ನೆಯ ಕಲಮು ಅವಿಧೇಯತೆಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಲ್ಲುದು. ಆದರೆ ಮೀರಿದ ಆಜ್ಞೆ ಕಾನೂನುಬದ್ಧವಾಗಿರಬೇಕು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ‘ಆಜ್ಞೆಯನ್ನು ಪಾಲಿಸಿದೆವು’ ಎಂಬ ಸಮರ್ಥನೆ ಯಾರನ್ನೂ ಹೊಣೆಯಿಂದ ಬಿಡಿಸಲಿಲ್ಲ.

1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ನಿರಾಯುಧ ಪಠಾಣರು ನೆರೆದಿದ್ದರು. ಗುಂಡು ಹಾರಿಸಲು ಆಜ್ಞೆಯಾದಾಗ ಹವಾಲ್ದಾರ್ ಚಂದ್ರಸಿಂಗ್ ಗಢವಾಲಿ ಮತ್ತು ಸಂಗಡಿಗರು ಬಂದೂಕೆತ್ತಲಿಲ್ಲ. ಎದುರಿಗಿದ್ದವರು ಮುಸಲ್ಮಾನರು, ನಿರಾಕರಿಸಿದವರು ಹಿಂದೂಗಳು. ಈ ಅಂಶವನ್ನು ಇಂದು ನೆನೆಯುವವರು ವಿರಳ. ಬೇರೆ ಪಡೆಗಳು ಗುಂಡಿಕ್ಕಿ ಅನೇಕರನ್ನು ಕೊಂದವು. ಚಂದ್ರಸಿಂಗರಿಗೆ ಜೀವಾವಧಿ ಶಿಕ್ಷೆಯಾಯಿತು. ಬಿಡುಗಡೆ ದೊರೆತದ್ದು 1941ರಲ್ಲಿ.

ಸೋಜಿಗವೆಂದರೆ, ಗಾಂಧೀಜಿಯವರು ಈ ಅವಿಧೇಯತೆಯನ್ನು ಮೆಚ್ಚಲಿಲ್ಲ. ಗುಂಡು ಹಾರಿಸಲೊಲ್ಲದ ಸೈನಿಕನು ತಾನು ತೊಟ್ಟ ಪ್ರತಿಜ್ಞೆಯನ್ನು ಮುರಿಯುತ್ತಾನೆ. ನಾಳೆ ನಮ್ಮದೇ ಸರ್ಕಾರ ಬಂದಾಗ ಇದೇ ಸೈನಿಕರಿಂದ ಕೆಲಸ ತೆಗೆದುಕೊಳ್ಳಬೇಕಾಗುವುದು ಎಂಬುದು ಅವರ ವಾದ. ಅಹಿಂಸೆಯ ಪ್ರತಿಪಾದಕರೇ ಹೀಗೆಂದದ್ದು ಹಲವರನ್ನು ನೋಯಿಸಿತು. ಆ ವಾದದಲ್ಲಿ ದೂರದೃಷ್ಟಿಯಿದೆ, ಒಪ್ಪುತ್ತೇನೆ. ಆದರೆ ಬಜಾರಿನಲ್ಲಿ ನಿಂತಿದ್ದ ನಿರಾಯುಧನಿಗೆ ಅದರಿಂದ ರಕ್ಷಣೆಯೇನು?

ಎರಡು ಪ್ರಕರಣಗಳನ್ನು ಸಮವೆಂದು ತೂಗುವುದು ಸಲ್ಲದು. ಗಢವಾಲಿಗಳು ಪರರ ಪ್ರಾಣ ತೆಗೆಯಲು ಒಲ್ಲೆನೆಂದರು. ಈ ಅಧಿಕಾರಿಗೆ ಬಂದ ಆಜ್ಞೆಯಿಂದ ಪರರಾರಿಗೂ ಕೇಡಿರಲಿಲ್ಲ. ಅಲ್ಲದೆ, ತನ್ನ ಮಾತಿಗೆ ಪ್ರಾಣ ಕೊಡಬೇಕಾದ ಸೈನಿಕರೊಡನೆ ನಾಯಕನು ಒಂದಾಗಿರಬೇಕೆಂಬ ಸೇನೆಯ ನಿರೀಕ್ಷೆ ಸಹಜವೇ. ಆದರೆ ಜೊತೆಗೆ ನಿಲ್ಲುವುದು ಬೇರೆ, ಪೂಜೆಯಲ್ಲಿ ಪಾಲ್ಗೊಳ್ಳುವುದು ಬೇರೆ. ಹೊಸ್ತಿಲವರೆಗೆ ಬಂದವನನ್ನು ಒಳಗೂ ಬರಲೇಬೇಕೆಂದು ಒತ್ತಾಯಿಸುವುದರಿಂದ ಐಕ್ಯ ಎಷ್ಟು ಬೆಳೆದೀತು? ವಿಷಯ ಸೂಕ್ಷ್ಮವೆಂಬ ಕಾರಣಕ್ಕೆ ಸೈನಿಕ ನ್ಯಾಯಾಲಯದ ವಿಚಾರಣೆಯನ್ನೂ ನಡೆಸದೆ ಅವರನ್ನು ಕೈಬಿಡಲಾಯಿತು. ಪೇಶಾವರದ ಬಂಡುಕೋರರಿಗೆ ಪರಕೀಯರ ಆಳ್ವಿಕೆಯಲ್ಲೂ ಅಂಥ ವಿಚಾರಣೆ ನಡೆದಿತ್ತು. ಅವರ ಪರವಾಗಿ ಬ್ಯಾರಿಸ್ಟರ್ ಮುಕುಂದಿಲಾಲ್ ವಾದಿಸಿದ್ದರು.