ಸಿಗ್ನಲ್ ಫುಲ್ ಇದೆ, ಅಮ್ಮನ ಮಾತು ಮಾತ್ರ ಇಲ್ಲ!

"ಹಲೋ... ಕೇಳಿಸ್ತಿದ್ಯಾ? ಹಲೋ?" ರಾತ್ರಿ ಒಂಬತ್ತು ಗಂಟೆ ಆದ್ರೆ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು.

ನಮ್ಮ ಮನೆ ಮಾದಾಪುರದ ಕಡೆ, ಕಾಫಿ ತೋಟದ ಒಳಗೆ. ಮೊಬೈಲ್ ಸಿಗ್ನಲ್ ಬೇಕಂದ್ರೆ ಗೇಟಿನ ತನಕ ನಡೀಬೇಕು. ಫೈಬರ್ ಬಂದ ಮೇಲೆ ಮನೆಯವರು ಮಾತಾಡೋದು ವೈಫೈ ಕಾಲಿಂಗ್‌ನಲ್ಲೇ. ಹಾಸ್ಟೆಲ್ ರೂಮಿನಲ್ಲೂ ಸಿಗ್ನಲ್ ಇಲ್ಲ, ನನಗೂ ವೈಫೈನೇ ಗತಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಊರು ನಮ್ಮದು. ಜೋರು ಮಳೆಯ ದಿನ ಮನೆಯಿಂದ ಬರುವ ಕರೆ ಹರಟೆಯಲ್ಲ. ಕಳೆದ ಮಳೆಗಾಲದಲ್ಲಿ ಅಮ್ಮ "ನಾವೆಲ್ಲ ಮನೆ ಬಿಟ್ಟು..." ಅಂದ್ರು, ಮುಂದಿನದು ಕೇಳಿಸಲಿಲ್ಲ. ಅತ್ತೆ ಮನೆಗೆ ಊಟಕ್ಕೆ ಹೊರಟಿದ್ದರು ಅಂತ ಮರುದಿನ ಗೊತ್ತಾಯ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ದೂರು ಕೊಟ್ಟರೆ ಸಿಗುವ ಉತ್ತರ, "ಸ್ಪೀಡ್ ಚೆನ್ನಾಗೇ ಇದೆಯಲ್ಲ!" ನಾವೂ ಕೇಳೋದು ಇನ್ನಷ್ಟು ಎಂಬಿಪಿಎಸ್ ಅನ್ನೇ. ಇಬ್ಬರೂ ತಪ್ಪು ಅಂತ ನನ್ನ ಅಭಿಪ್ರಾಯ. ಹಳೆಯ ಜಿ.711 ಕೋಡೆಕ್‌ನಲ್ಲೂ ಒಂದು ಕರೆಗೆ 100 ಕೆಬಿಪಿಎಸ್ ಸಾಕು. ಆದರೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಹೋಗುತ್ತೆ, ಅದು ಹೊತ್ತಿಗೆ ಸರಿಯಾಗಿ ತಲುಪಬೇಕು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಒಳ್ಳೆಯದು ಅನ್ನುತ್ತೆ ಐಟಿಯು. ಸಂಪಾಜೆ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದ ಆಂಬುಲೆನ್ಸ್ ನೆನೆಸಿಕೊಳ್ಳಿ. ಅದಕ್ಕೆ ಬೇಕಿರೋದು ಅಗಲ ರಸ್ತೆಯಲ್ಲ, ಮುಂದೆ ಹೋಗೋಕೆ ದಾರಿ.

ಆ ದಾರಿ ವೈಫೈನಲ್ಲಿ ಆಗಲೇ ಇದೆ. 2005ರ 802.11ಇ ಮಾನದಂಡ ಟ್ರಾಫಿಕ್ಕನ್ನು ನಾಲ್ಕು ಸಾಲು ಮಾಡಿ ಧ್ವನಿಗೆ ಮೊದಲ ಅವಕಾಶ ಕೊಟ್ಟಿದೆ. ತೊಡಕು ಏನಂದ್ರೆ, ವೈಫೈ ಕಾಲಿಂಗ್ ಗೂಢಲಿಪಿಯ ಸುರಂಗದೊಳಗೆ ಹೋಗುತ್ತೆ. ಒಳಗಿರೋದು ಅಮ್ಮನ ಧ್ವನಿಯೋ ಸಿನಿಮಾನೋ ರೌಟರ್‌ಗೆ ಕಾಣಲ್ಲ. ಆದರೆ ಆ ಸುರಂಗ ಸಾಮಾನ್ಯವಾಗಿ ಯುಡಿಪಿ 4500ನೇ ಪೋರ್ಟ್ ಬಳಸುತ್ತೆ. ಅದನ್ನು ಗುರುತಿಸಿ ಧ್ವನಿಯ ಸಾಲಿಗೆ ಹಾಕಿ, ಒಟ್ಟು ಡೌನ್‌ಲೋಡನ್ನು ಲಿಂಕಿನ ವೇಗಕ್ಕಿಂತ ತುಸು ಕೆಳಗೆ ಮಿತಿಗೊಳಿಸಿದರೆ ಕರೆ ಬಹಳ ಮಟ್ಟಿಗೆ ಸುಧಾರಿಸುತ್ತೆ. ಹೊಸ ಲಿಂಕ್ ಕೊಳ್ಳೋ ಮೊದಲು ಒಂದು ಮಧ್ಯಾಹ್ನ ಕೂತು ಈ ಸೆಟ್ಟಿಂಗ್ ಮಾಡಿ ನೋಡಬಹುದಲ್ವಾ?

"ನಮ್ಮ ಗೇಮ್ ಕತೆ ಏನು?" ಅಂತ ಕೇಳೋರಿದ್ದಾರೆ. ಕರೆಯ ಪ್ಯಾಕೆಟ್‌ಗಳು ಪುಟಾಣಿ, ಅವು ಮುಂದೆ ಹೋದರೆ ಗೇಮ್‌ಗೆ ಅಷ್ಟೇನೂ ನಷ್ಟವಿಲ್ಲ. ನಮ್ಮ ತಪ್ಪೂ ಇದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ. ರೂಮಿಗೊಂದು ರೌಟರ್, ಹಾಟ್‌ಸ್ಪಾಟ್ ಇಟ್ಟುಕೊಂಡು ಗಾಳಿಯನ್ನೇ ಸಂತೆ ಮಾಡಿರೋದು ನಾವೇ.

ಇನ್ನೊಂದು ಮಾತು. ಕೊಡಗಿನಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದರೆ ವೈಫೈಯೂ ಸತ್ತಹಾಗೆ. ಹಾಸ್ಟೆಲ್‌ನ ಆಕ್ಸೆಸ್ ಪಾಯಿಂಟ್‌ಗಳಿಗೂ ಯುಪಿಎಸ್ ಬೇಕು, ಮನೆಯ ಫೈಬರ್ ಡಬ್ಬಿಗೂ ಬೇಕು.

ಮುಂದಿನ ಹಾಸ್ಟೆಲ್ ಸಮಿತಿ ಸಭೆಯಲ್ಲಿ "ಸ್ಪೀಡ್ ಎಷ್ಟು?" ಅಂತ ಕೇಳೋದು ಬಿಡೋಣ. "ಧ್ವನಿ ಯಾವ ಸಾಲಿನಲ್ಲಿದೆ?" ಅಂತ ಕೇಳೋಣ. ಜೂನ್ ಮಳೆ ಹಿಡಿಯೋ ಮೊದಲೇ ಕೇಳೋಣ.