ಹೊಣೆಯ ಸಹಿಯೂ ಕ್ರೈಸ್ತ ವಿವೇಕವೂ

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಕಚೇರಿಯ ನೌಕರರಾಗಿಯೂ ಸ್ವಂತ ಸಂಪಾದನೆಯುಳ್ಳವರಾಗಿದ್ದಾರೆ. ಇದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ತಿಂಗಳ ಸಂಬಳ ಬರುವ ಮನೆಗೆ ಬೇಡಿಕೆಗಳೂ ಬರುವದುಂಟು. ಬಂಧುವೊಬ್ಬನು ಸಾಲಪತ್ರವನ್ನು ಹಿಡಿದು ಬಂದು, "ಅಕ್ಕಾ, ನಿಮ್ಮ ಹಣವೇನೂ ಬೇಡ, ಜಾಮೀನಿಗೆ ಒಂದು ಸಹಿ ಹಾಕಿದರೆ ಸಾಕು" ಅನ್ನುತ್ತಾನೆ. ಒಲ್ಲೆನೆಂದರೆ ಕ್ರೈಸ್ತ ಪ್ರೀತಿಗೆ ಕುಂದಾದೀತೆಂದು ನಾಚಿ, ಓದದೆಯೇ ಸಹಿ ಹಾಕುವವರು ನಮ್ಮಲ್ಲಿ ಎಷ್ಟು ಮಂದಿ!

ಆ ಸಹಿಯ ತೂಕವು ಅಲ್ಪವಾದದ್ದಲ್ಲ. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 128ನೆಯ ಪ್ರಕರಣದ ಮೇರೆಗೆ, ಕರಾರಿನಲ್ಲಿ ಬೇರೆ ವಿಧವಾಗಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನನ್ನು ಕೇಳಿ, ಅವನಿಂದ ಬಾರದಿದ್ದರೆ ಮಾತ್ರ ಜಾಮೀನುದಾರನ ಬಳಿಗೆ ಬರಬೇಕೆಂಬ ಕಟ್ಟಳೆ ಸಾಮಾನ್ಯವಾಗಿ ಇಲ್ಲ. ಅಸಲಿನ ಸಂಗಡ ಬಡ್ಡಿಯೂ ತಲೆಯ ಮೇಲೆ ಬೀಳುವದು. ಆಗ ಮಕ್ಕಳ ಶಾಲೆಯ ಫೀಸೂ ವೃದ್ಧ ತಾಯಿಯ ಔಷಧವೂ ಆ ಒಂದು ಸಹಿಗೆ ಬಲಿಯಾಗುವವು.

ಹಾಗಾದರೆ ಹೊಣೆಯಾಗುವದೇ ಪಾಪವೋ? ಅಲ್ಲ. ಯೆಹೂದನು ತಮ್ಮನಾದ ಬೆನ್ಯಾಮೀನನಿಗೆ ಹೊಣೆಯಾದನು; ಆಪತ್ತು ಬಂದಾಗ ಅವನಿಗೆ ಬದಲಾಗಿ ದಾಸನಾಗಲು ತಾನೇ ಮುಂದೆ ಬಂದನು. ಪೌಲನು ಒನೇಸಿಮನ ಸಾಲವನ್ನು ತಾನೇ ತೀರಿಸುವೆನೆಂದು ಫಿಲೆಮೋನನಿಗೆ ಸ್ವಹಸ್ತದಿಂದ ಬರೆದನು. ಇವರಿಬ್ಬರೂ ತೆರಬೇಕಾದದ್ದನ್ನು ಅರಿತೇ ಮಾತು ಕೊಟ್ಟರು. ಅರಿಯದೆ ಹೊಣೆಯಾಗುವವನನ್ನಾದರೋ ಜ್ಞಾನೋಕ್ತಿಗಳ ಗ್ರಂಥವು ಮತ್ತೆ ಮತ್ತೆ ಎಚ್ಚರಿಸುತ್ತದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಲೆಕ್ಕ ಮಾಡಬೇಕೆಂದು ನಮ್ಮ ಕರ್ತನೇ ಕಲಿಸಿದನಲ್ಲವೋ?

ಹತ್ತು ಮಂದಿ ಕನ್ಯೆಯರ ಸಾಮ್ಯವನ್ನೂ ನಾವು ಬಾಲ್ಯದಿಂದಲೇ ಬಲ್ಲೆವು. ಬುದ್ಧಿವಂತೆಯರು ಎಣ್ಣೆಯನ್ನು ಹಂಚಿಕೊಡಲಿಲ್ಲ. ಹಂಚಿದರೆ ಇಬ್ಬರಿಗೂ ಸಾಲದೆಂದು ತಿಳಿಸಿ, ಕೊಂಡುಕೊಳ್ಳುವ ದಾರಿಯನ್ನು ತೋರಿಸಿದರು. ಅದಕ್ಕಾಗಿ ಕರ್ತನು ಅವರನ್ನು ನಿಷ್ಕರುಣಿಗಳೆಂದು ಗದರಿಸಲಿಲ್ಲ. ಈ ಸಾಮ್ಯದ ಮುಖ್ಯಾರ್ಥವು ಕರ್ತನ ಬರೋಣಕ್ಕೆ ಸಿದ್ಧರಾಗಿರುವದೇ ಆದರೂ, ಎಲ್ಲಾ ನಿರಾಕರಣೆಯೂ ಪ್ರೀತಿಗೆ ವಿರೋಧವಲ್ಲವೆಂಬ ಪಾಠವೂ ಇದರಲ್ಲಿ ಇದೆ.

ಆದಕಾರಣ ನಮ್ಮ ಅಭಿಪ್ರಾಯವಿದು: ಇಡೀ ಸಾಲವನ್ನು ನಾವೇ ತೀರಿಸಬೇಕಾಗಿ ಬಂದರೂ ಮನೆಯವರು ಉಪವಾಸ ಬೀಳರೆಂಬ ನಿಶ್ಚಯವಿದ್ದರೆ ಮಾತ್ರ ಸಹಿ ಹಾಕತಕ್ಕದ್ದು. ಪತ್ರವನ್ನು ಪೂರ್ಣವಾಗಿ ಓದಬೇಕು. ಒಂದು ರಾತ್ರಿ ಪ್ರಾರ್ಥನೆಯಲ್ಲಿ ಕಳೆಯಬೇಕು. ಮನೆಯವರ ಸಂಗಡ ಆಲೋಚಿಸಬೇಕು. ನಿಶ್ಚಯವಿಲ್ಲದಿದ್ದರೆ ಮೃದುವಾಗಿ ಒಲ್ಲೆನೆಂದು ಹೇಳಿ, ಕೈಲಾದಷ್ಟನ್ನು ತಿರಿಗಿ ಕೇಳದ ಸಹಾಯವಾಗಿ ಕೊಡುವದು ಮೇಲು. ಚಿಕ್ಕದಾದರೂ ಅದು ಸತ್ಯವಾದ ದಾನ. ತೀರಿಸಲಾರದ ಹೊಣೆಯಾದರೋ ನಮ್ಮ ಮಕ್ಕಳ ಪಾಲನ್ನು ಅವರಿಗೆ ತಿಳಿಯದಂತೆ ಒತ್ತೆಯಿಟ್ಟ ಹಾಗೆಯೇ.

ತಾಯಿತಂದೆಗಳೇ, ನಿಮ್ಮ ಹೆಣ್ಣುಮಕ್ಕಳಿಗೆ ಅಂದವಾಗಿ ಸಹಿ ಹಾಕಲು ಶಾಲೆಯು ಕಲಿಸೀತು. ಯಾವ ಕಾಗದಕ್ಕೆ ಸಹಿ ಹಾಕಬಾರದೆಂಬದನ್ನು ಮನೆಯಲ್ಲಿ ನೀವೂ ಕಲಿಸಿರಿ. ಪಾರಿವಾಳದ ನಿಷ್ಕಪಟದ ಸಂಗಡ ಸರ್ಪದ ಜಾಣತನವನ್ನೂ ಕರ್ತನು ತನ್ನ ಶಿಷ್ಯರಿಂದ ಬಯಸಿದ್ದಾನೆ.